ಪುಸ್ತಕದಂಗಡಿಗೆ ಬಂದ ಲೇಖಕರು ಮೊದಲು ಓದಲಿ, ಮಾತು ಆಮೇಲೆ: ದಾವಣಗೆರೆ, ದುರ್ಗದವರು ಏನಂತೀರಿ?

ಮಂಡಿಪೇಟೆ ಓದುಗ (ಭಾನುವಾರ ರಾತ್ರಿ)

ಪಿ.ಜೆ. ಬಡಾವಣೆಯ ಒಂದು ಸಣ್ಣ ಪುಸ್ತಕದಂಗಡಿಯಲ್ಲಿ ಈಚೆಗೆ ಲೇಖಕರನ್ನು ಕರೆಸುತ್ತಿದ್ದಾರೆ. ಇಲ್ಲಿ ಕೆಲವರು ಬಂದೂ ಇದ್ದೀರಿ. ಮುಂದಿನ ಕಾರ್ಯಕ್ರಮಗಳು ಹೇಗಿರಬೇಕು ಅಂತ ಅಂಗಡಿಯವರು ಓದುಗರನ್ನೇ ಕೇಳುತ್ತಿದ್ದಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಬೇಡಿಕೆ ಒಂದೇ. ಅಂಗಡಿಗೆ ಬಂದ ಲೇಖಕರು ತಮ್ಮ ಪುಸ್ತಕದಿಂದ ಓದಬೇಕು. ಕನಿಷ್ಠ 20 ನಿಮಿಷ, ನಮ್ಮ ಎದುರಿಗೆ ಕೂತು, ಗಟ್ಟಿಯಾಗಿ. ಮಾತು, ಚರ್ಚೆ, ಪ್ರಶ್ನೆ ಎಲ್ಲ ಆಮೇಲೆ.

ನಮ್ಮ ಕಡೆ ಪುಸ್ತಕ ಬಿಡುಗಡೆ ಹೇಗಿರುತ್ತೆ ಅಂತ ನಿಮಗೆ ಗೊತ್ತಿದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ಬಿಡುಗಡೆ, ಪುಸ್ತಕ ಪರಿಚಯ, ಮುಖ್ಯ ಅತಿಥಿಗಳು, ಅಧ್ಯಕ್ಷರು, ನಡುವೆ ಒಂದು ಸನ್ಮಾನ. ಇಷ್ಟಾದ ಮೇಲೆ ಲೇಖಕರ ಕೈಗೆ ಮೈಕ್ ಬರುತ್ತೆ. ಅಷ್ಟೊತ್ತಿಗೆ ಅರ್ಧ ಜನ ಎದ್ದಿರುತ್ತಾರೆ. ಅವರೂ ಎಲ್ಲರಿಗೂ ಋಣಿ ಅಂತ ಹೇಳಿ ಕೂತುಬಿಡುತ್ತಾರೆ. ಪುಸ್ತಕದ ಒಂದು ಸಾಲೂ ಯಾರ ಕಿವಿಗೂ ಬಿದ್ದಿರಲ್ಲ. ಸಭೆಗೆ ಅದರದೇ ಮರ್ಯಾದೆ ಇದೆ, ಅದು ಕುವೆಂಪು ಕನ್ನಡ ಭವನದಂಥ ಜಾಗದಲ್ಲಿ ನಡೆಯಲಿ. ಅಂಗಡಿಯಲ್ಲಿ ವೇದಿಕೆಯೇ ಇಲ್ಲ. ಮೊದಲ ಸಾಲಿನವರ ಮೊಣಕಾಲು ಲೇಖಕರ ಮೇಜಿಗೆ ತಗಲುತ್ತೆ. ಇಷ್ಟು ಹತ್ತಿರ ಕೂತು ಮತ್ತೆ ಅದೇ ಭಾಷಣ ಯಾಕೆ?

ಕಳೆದ ಸಲ ಬಂದಿದ್ದ ಕತೆಗಾರ್ತಿ ಒಂದು ಕತೆಯನ್ನು ಪೂರ್ತಿ ಓದಿದರು. ಅದನ್ನು ನಾನು ಮುಂಚೆಯೇ ಓದಿದ್ದೆ. ಅತ್ತೆ ಸೊಸೆಗೆ ಹೇಳುವ ಒಂದು ಮಾತನ್ನು ನಾನು ಸಿಟ್ಟಿನ ಮಾತಾಗಿ ಓದಿಕೊಂಡಿದ್ದೆ. ಅವರು ಅದನ್ನು ದಣಿದ ದನಿಯಲ್ಲಿ ಓದಿದರು. ಅಲ್ಲಿಂದ ಮುಂದೆ ಕತೆಯೇ ಬೇರೆಯಾಯಿತು. ಈ ಅನುಭವ ಭಾಷಣದಿಂದ ಸಿಗಲ್ಲ. ಮನೆಯಲ್ಲಿ ಒಬ್ಬರೇ ಕೂತು ಓದಿದರೂ ಸಿಗಲ್ಲ.

ನೀವೇನಂತೀರಿ?

ತುಂಗಭದ್ರೆ (ಹರಿಹರ)

ನಾನೂ ಅವತ್ತು ಅಲ್ಲಿದ್ದೆ. ನಿಮ್ಮ ಮಾತಿಗೆ ಪೂರ್ತಿ ಒಪ್ಪಿಗೆ. ಆದರೆ ಹೊತ್ತಿನ ವಿಷಯ ಹೇಳಲೇಬೇಕು. ಸಂಜೆ ಆರಕ್ಕೆ ಅಂತ ಕರೆದು ಆರೂವರೆಗೆ ಶುರು ಮಾಡಿದರೆ ಪ್ರಶ್ನೆಗಳು ಬರುವ ಹೊತ್ತಿಗೆ ನಮ್ಮಂಥ ಹೆಂಗಸರು ಬಸ್‌ಸ್ಟ್ಯಾಂಡ್ ದಾರಿ ಹಿಡಿದಿರುತ್ತೇವೆ. ಹರಿಹರಕ್ಕಾದರೂ ಬಸ್ ಸಿಗುತ್ತೆ. ಮಲೇಬೆನ್ನೂರು, ಹೊನ್ನಾಳಿ, ಜಗಳೂರು ಕಡೆಯವರು ಏನು ಮಾಡಬೇಕು? ಓದು ಮುಗಿದ ಮೇಲಿನ ಮಾತುಕತೆಯೇ ಚೆನ್ನಾಗಿರುತ್ತೆ, ಅದೇ ನಮಗೆ ತಪ್ಪಿಹೋಗುತ್ತೆ.

ಮಧ್ಯಾಹ್ನ ನಾಲ್ಕಕ್ಕೆ ಇಡಿ. ಹೇಳಿದ ಹೊತ್ತಿಗೆ ಶುರು ಮಾಡಿ. ತಡವಾಗಿ ಬರುವವರಿಗೆ ಕಾಯುತ್ತಾ ಕೂತರೆ ಹೊತ್ತಿಗೆ ಸರಿಯಾಗಿ ಬಂದವರಿಗೆ ಅನ್ಯಾಯ.

ದುರ್ಗದ ಮೇಷ್ಟ್ರು (ಚಿತ್ರದುರ್ಗ)

ಮಂಡಿಪೇಟೆಯವರೇ, ಓದಬೇಕು ಎನ್ನುವುದು ಸರಿ. ಭಾಷಣ ಬೇಡ ಎನ್ನುವುದಕ್ಕೆ ಮಾತ್ರ ನನ್ನ ತಕರಾರಿದೆ.

ಗಟ್ಟಿಯಾಗಿ ಓದಿ ಕೇಳಿಸುವುದು ನಮಗೆ ಹೊಸದಲ್ಲ. ಗಮಕದಲ್ಲಿ ವಾಚನ ಮಾಡುವವರು ಒಬ್ಬರು, ವ್ಯಾಖ್ಯಾನ ಮಾಡುವವರು ಇನ್ನೊಬ್ಬರು. ಕುಮಾರವ್ಯಾಸನ ಒಂದು ಷಟ್ಪದಿಯನ್ನು ಗಮಕಿ ರಾಗವಾಗಿ ಓದಿ ನಿಲ್ಲಿಸುತ್ತಾರೆ. ವ್ಯಾಖ್ಯಾನಕಾರರು ಅದನ್ನು ಬಿಡಿಸಿ ಹೇಳುತ್ತಾರೆ. ಮತ್ತೆ ಮುಂದಿನ ಪದ್ಯ. ಅಕ್ಷರ ಬಾರದವರೂ ಮಹಾಭಾರತವನ್ನು ಅರಗಿಸಿಕೊಂಡಿದ್ದು ಹೀಗೆ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಿದ್ದು ಈ ಕಲೆಗೇ. ಅಂದರೆ ಓದು ಮತ್ತು ವಿವರಣೆ ಎರಡೂ ಜೊತೆಯಾಗಿಯೇ ಬಂದಿವೆ. ಒಂದನ್ನು ಕಿತ್ತುಹಾಕಿದರೆ ಇನ್ನೊಂದು ಸೊರಗುತ್ತೆ.

ಇನ್ನೊಂದು ಮಾತು. ಚೆನ್ನಾಗಿ ಬರೆಯುವವರೆಲ್ಲ ಚೆನ್ನಾಗಿ ಓದುವುದಿಲ್ಲ. ಬೇಂದ್ರೆಯವರು ತಮ್ಮ ಪದ್ಯಗಳನ್ನು ತಾವೇ ಹೇಳುವಾಗ ಸಭೆ ಮರುಳಾಗುತ್ತಿತ್ತು ಎನ್ನುವುದನ್ನು ಕೇಳಿದವರು ಬರೆದಿಟ್ಟಿದ್ದಾರೆ. ಆದರೆ ಬೇಂದ್ರೆ ಒಬ್ಬರೇ. ಎಷ್ಟೋ ಒಳ್ಳೆಯ ಕಾದಂಬರಿಕಾರರು ಪುಟದಿಂದ ತಲೆ ಎತ್ತದೆ ಗೊಣಗಿಕೊಂಡು ಓದುತ್ತಾರೆ. ಅಂಥವರನ್ನು ಬಲವಂತವಾಗಿ ಅರ್ಧ ಗಂಟೆ ಓದಿಸಿದರೆ ಪುಸ್ತಕಕ್ಕೇ ನಷ್ಟ.

ನನ್ನ ಸಲಹೆ ಇಷ್ಟು. ಲೇಖಕರ ಪಕ್ಕದಲ್ಲಿ ಪುಸ್ತಕವನ್ನು ನಿಜವಾಗಿ ಓದಿರುವ ಒಬ್ಬರನ್ನು ಕೂರಿಸಿ. ಲೇಖಕರು ನಾಲ್ಕು ಪುಟ ಓದಲಿ. ಇವರು ಒಂದು ಪ್ರಶ್ನೆ ಕೇಳಲಿ. ಮತ್ತೆ ನಾಲ್ಕು ಪುಟ. ಓದಲು ಹಿಂಜರಿಯುವ ಲೇಖಕರಾದರೆ ಊರಿನ ನಾಟಕದವರೊಬ್ಬರು ಓದಲಿ, ಲೇಖಕರು ಕೇಳುತ್ತಾ ಕೂರಲಿ. ದಾವಣಗೆರೆಯಲ್ಲಿ ದನಿ ಇರುವವರಿಗೆ ಬರವೇ? ರಂಗನಟಿ ಚಿಂದೋಡಿ ಲೀಲಾ ಅವರ ಊರು ಅದು.

ಮಂಡಿಪೇಟೆ ಓದುಗ

ಮೇಷ್ಟ್ರೇ, ನಾಲ್ಕು ಪುಟ ಓದಿ ಒಂದು ಪ್ರಶ್ನೆ ಅನ್ನೋದು ತುಂಬಾ ಹಿಡಿಸಿತು. ನಟರಿಂದ ಓದಿಸುವ ಬಗ್ಗೆ ಮಾತ್ರ ಅನುಮಾನ ಇದೆ. ನಟರು ಓದಿದರೆ ಅದು ಅವರ ಅಭಿನಯ ಆಗುತ್ತೆ. ಬರೆದವರೇ ತಡವರಿಸಿ ಓದಿದರೂ ನನಗೆ ಅದೇ ಬೇಕು. ಎಲ್ಲಿ ನಿಲ್ಲಿಸುತ್ತಾರೆ, ಯಾವ ಸಾಲನ್ನು ಬೇಗ ದಾಟಿಬಿಡುತ್ತಾರೆ ಅನ್ನೋದರಲ್ಲೇ ಎಷ್ಟೋ ವಿಷಯ ಗೊತ್ತಾಗುತ್ತೆ.

ಹಾಸ್ಟೆಲ್ ಹುಡುಗ (ದಾವಣಗೆರೆ, ಇಂಜಿನಿಯರಿಂಗ್)

ನಾನು ಎರಡು ವಿಷಯ ಹೇಳುತ್ತೇನೆ.

ಒಂದು, ನಮ್ಮ ವಯಸ್ಸಿನವರು ಬರಲ್ಲ ಅಂತ ದೊಡ್ಡವರು ಹೇಳುತ್ತಲೇ ಇರುತ್ತೀರಿ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬುಕರ್ ಬಂದ ಮೇಲೆ ನಮ್ಮ ಹಾಸ್ಟೆಲ್‌ನಲ್ಲಿ ಕನ್ನಡ ಕತೆ ಹುಡುಕಿಕೊಂಡು ಓದಿದವರಿದ್ದಾರೆ. ಆಸಕ್ತಿ ಇದೆ, ಆದರೆ ಸುದ್ದಿ ನಮಗೆ ಮುಟ್ಟಲ್ಲ. ಕಾರ್ಯಕ್ರಮದ ಸುದ್ದಿ ಊರಿನ ಪೇಪರಿನಲ್ಲಿ ಬರುತ್ತೆ, ನಾವು ಅದನ್ನು ನೋಡಲ್ಲ. ಕಾಲೇಜಿನ ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಿ. ಜೊತೆಗೆ ಲೇಖಕರು ಓದಲಿರುವ ಭಾಗದ ಎರಡು ಪುಟದ ಫೋಟೊ ಕಳಿಸಿ. ಬರೀ ಪೋಸ್ಟರ್ ನೋಡಿ ಯಾರೂ ಬರಲ್ಲ.

ಎರಡು, ಪ್ರಶ್ನೆ ಕೇಳುವ ಹೊತ್ತು. ಹಿರಿಯರು ಮೈಕ್ ಹಿಡಿದು ಪ್ರಶ್ನೆ ಅಂತ ಶುರು ಮಾಡಿ ತಮ್ಮದೇ ಭಾಷಣ ಮಾಡುತ್ತಾರೆ. ನಮಗೆ ಅಷ್ಟು ಜನರ ಮುಂದೆ ಎದ್ದು ನಿಲ್ಲೋಕೆ ಧೈರ್ಯ ಬರಲ್ಲ. ಚೀಟಿ ಕೊಡಿ. ಬರೆದು ಕೊಡುತ್ತೇವೆ, ಒಬ್ಬರು ಓದಿ ಹೇಳಲಿ.

ಇನ್ನೊಂದು ಅನುಮಾನ. ಆನ್‌ಲೈನ್‌ನಲ್ಲಿ ಎಷ್ಟೋ ಸಲ ಜಾಸ್ತಿ ಡಿಸ್ಕೌಂಟ್ ಇರುತ್ತೆ. ಅಂಗಡಿಯಲ್ಲಿ ಹತ್ತು ಪರ್ಸೆಂಟ್ ಬಿಟ್ಟರೇ ಹೆಚ್ಚು. ಯಾಕೆ ಹೀಗೆ?

ಕೌಂಟರ್ ಹಿಂದಿನವನು (ದಾವಣಗೆರೆ)

ಅದೇ ಅಂಗಡಿಯವನು ನಾನು. ಎಲ್ಲರ ಮಾತೂ ಬರೆದುಕೊಳ್ಳುತ್ತಿದ್ದೇನೆ. ತಮ್ಮಾ, ನಿನ್ನ ಕೊನೆಯ ಪ್ರಶ್ನೆಗೆ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಪುಸ್ತಕದ ಬೆಲೆ 200 ರೂಪಾಯಿ ಅಂದುಕೋ. ಪ್ರಕಾಶಕರು ನನಗೆ ಶೇ 35 ಕಮಿಷನ್ ಕೊಟ್ಟರು ಅಂತ ಇಟ್ಟುಕೊಳ್ಳೋಣ. 70 ರೂಪಾಯಿ ಆಯಿತು. ನಿನಗೆ ಶೇ 10 ಬಿಟ್ಟರೆ 20 ಹೋಯಿತು. ಉಳಿದಿದ್ದು 50. ಕಾರ್ಯಕ್ರಮಕ್ಕೆ 40 ಜನ ಬಂದು 20 ಪ್ರತಿ ಖರ್ಚಾದರೆ 1000 ರೂಪಾಯಿ ಕೈಯಲ್ಲಿರುತ್ತೆ. ಅದರಲ್ಲಿ ಬಾಡಿಗೆ ಕುರ್ಚಿ, ಟೀ, ಪುಸ್ತಕದ ಕಟ್ಟು ಬಸ್ಸಿನಲ್ಲಿ ತರಿಸಿದ ಪಾರ್ಸೆಲ್ ಖರ್ಚು, ಮಾರಾಟವಾಗದ ಪ್ರತಿ ವಾಪಸ್ ಕಳಿಸುವ ಖರ್ಚು ಎಲ್ಲ ಕಳೆಯಬೇಕು. ಲೇಖಕರ ಪ್ರಯಾಣದ ದುಡ್ಡು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ನಿಜ. ಆದರೆ ಮಳಿಗೆ ಬಾಡಿಗೆ, ಕರೆಂಟ್ ಬಿಲ್, ಹುಡುಗನ ಸಂಬಳ ಇದ್ದೇ ಇದೆ.

ದೊಡ್ಡ ಆನ್‌ಲೈನ್ ಮಾರಾಟಗಾರರು ಪುಸ್ತಕದಲ್ಲಿ ಕಳೆದುಕೊಂಡಿದ್ದನ್ನು ಬೇರೆ ಸಾಮಾನಿನಲ್ಲಿ ತುಂಬಿಕೊಳ್ಳಬಹುದು. ನನ್ನ ಹತ್ತಿರ ಬೇರೆ ಸಾಮಾನು ಇಲ್ಲ.

ಆದರೂ ಈ ಕಾರ್ಯಕ್ರಮ ನಿಲ್ಲಿಸೋ ಮನಸ್ಸಿಲ್ಲ. ಲೇಖಕರು ಬಂದು ಹೋದ ಮೇಲೆ ಅವರ ಹಳೆಯ ಪುಸ್ತಕಗಳನ್ನೂ ಜನ ಕೇಳಿಕೊಂಡು ಬರುತ್ತಾರೆ. ಕಪಾಟಿನಲ್ಲಿ ಧೂಳು ಹಿಡಿದಿದ್ದ ಕಥಾಸಂಕಲನಗಳು ಹೊರಗೆ ಬಂದಿವೆ. ಮನೆಯವರ ಜೊತೆ ಸುಮ್ನೆ ಬಂದವರು ಮುಂದಿನ ವಾರ ಒಬ್ಬರೇ ಬಂದು ಅರ್ಧ ಗಂಟೆ ಪುಸ್ತಕ ತಿರುವುತ್ತಾರೆ. ನನಗೆ ಬೇಕಾಗಿದ್ದು ಅದೇ.

ಬರ್ಲಿನ್ ದಾವಣಗೆರೆ (ಊರು: ಕೆ.ಟಿ.ಜೆ. ನಗರ, ಈಗ ಜರ್ಮನಿ)

ಅಣ್ಣಾ, ನಿಮ್ಮ ಲೆಕ್ಕ ಓದಿ ಇಲ್ಲಿನ ಪದ್ಧತಿ ಹೇಳೋಣ ಅನ್ನಿಸಿತು. ಜರ್ಮನಿಯಲ್ಲಿ ಹೊಸ ಪುಸ್ತಕಕ್ಕೆ ಒಂದೇ ಬೆಲೆ. ಪ್ರಕಾಶಕರು ನಿಗದಿ ಮಾಡಿದ ಬೆಲೆಗೇ ಎಲ್ಲರೂ ಮಾರಬೇಕು. ಮೂಲೆ ಅಂಗಡಿಯಲ್ಲೂ ಅದೇ, ಆನ್‌ಲೈನ್‌ನಲ್ಲೂ ಅದೇ. ಪದ್ಧತಿ ಹಳೆಯದು, 2002ರಲ್ಲಿ ಅದು ಕಾನೂನೇ ಆಯಿತು. ಫ್ರಾನ್ಸ್‌ನಲ್ಲಿ 1981ರಿಂದಲೇ ಇಂಥ ಕಾನೂನಿದೆ, ಅಲ್ಲಿ ಅಂಗಡಿಯವರು ಹೆಚ್ಚೆಂದರೆ ಶೇ 5 ಬಿಡಬಹುದು. ಸಣ್ಣ ಅಂಗಡಿಗಳು ಉಳಿದಿರುವುದಕ್ಕೆ ಇದೂ ಒಂದು ಕಾರಣ. ನಮ್ಮಲ್ಲಿ ಅಂಥ ಕಾನೂನಿಲ್ಲ.

ಇಲ್ಲಿ ಪುಸ್ತಕದಂಗಡಿಗಳಲ್ಲಿ ಸಂಜೆ ಓದು ಅನ್ನೋದು ತುಂಬಾ ಮಾಮೂಲು. ಒಂದು ಮೇಜು, ಒಂದು ದೀಪ, ಒಂದು ಲೋಟ ನೀರು. ಲೇಖಕರು ಅರ್ಧ ಗಂಟೆಗೂ ಜಾಸ್ತಿ ಓದುತ್ತಾರೆ. ಜನ ಸದ್ದಿಲ್ಲದೆ ಕೇಳುತ್ತಾರೆ. ಆಮೇಲೆ ಮಾತುಕತೆ, ಸಹಿ. ಅದಕ್ಕೆ ಟಿಕೆಟ್ ಇರುತ್ತೆ, ಜನ ಬೇಜಾರಿಲ್ಲದೆ ಕೊಡುತ್ತಾರೆ. ಲೇಖಕರಿಗೂ ಸಂಭಾವನೆ ಸಿಗುತ್ತೆ. ದಾವಣಗೆರೆಯಲ್ಲೂ 50 ರೂಪಾಯಿ ಟಿಕೆಟ್ ಇಟ್ಟರೆ ತಪ್ಪೇನು?

ತುಂಗಭದ್ರೆ

ತಪ್ಪೇನೂ ಇಲ್ಲಮ್ಮಾ. ಆದರೆ ಬಾಗಿಲಲ್ಲಿ ದುಡ್ಡು ಕೇಳಿದರೆ ಮೊದಲ ಸಲ ಬರುವವರು ಹಾಗೇ ವಾಪಸ್ ಹೋಗುತ್ತಾರೆ. ನಮ್ಮ ಶಾಲೆಯ ಮಕ್ಕಳನ್ನು ಕರೆತರುವ ಆಸೆ ನನಗಿದೆ. 50 ರೂಪಾಯಿ ಅವರಿಗೆ ದೊಡ್ಡದು.

ಕೌಂಟರ್ ಹಿಂದಿನವನು

ನನಗೂ ಟಿಕೆಟ್ ಒಗ್ಗಲ್ಲ. ಹೀಗೆ ಮಾಡಿದರೆ ಹೇಗೆ? 50 ರೂಪಾಯಿಯ ಕೂಪನ್ ಇಡೋಣ. ಅವತ್ತೇ ಪುಸ್ತಕ ಕೊಂಡರೆ ಆ 50 ಬೆಲೆಯಲ್ಲಿ ಕಳೆಯುತ್ತೇನೆ. ಆಗ ಬೇರೆ ರಿಯಾಯಿತಿ ಇರಲ್ಲ. ವಿದ್ಯಾರ್ಥಿಗಳಿಗೆ, ಮಕ್ಕಳಿಗೆ ಕೂಪನ್ ಬೇಡ.

ಬರ್ಲಿನ್ ದಾವಣಗೆರೆ

ಇದು ಚೆನ್ನಾಗಿದೆ. ಊರಿಗೆ ಬಂದಾಗ ಮೊದಲ ಕೂಪನ್ ನಾನೇ ತಗೊಳ್ಳುತ್ತೇನೆ.

ಕತೆ ಬರೆಯುವವಳು

ಲೇಖಕರ ಕಡೆಯಿಂದ ಯಾರೂ ಮಾತಾಡಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ದೊಡ್ಡ ಹೆಸರಿನವಳಲ್ಲ. ಎರಡು ಸಂಕಲನ ಬಂದಿವೆ.

ಒಂದು ಊರಿಗೆ ಕರೆದಿದ್ದರು. ಊರಿನ ಹೆಸರು, ಕರೆದವರ ಹೆಸರು ಬೇಡ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಹೋದೆ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ದೊಡ್ಡ ಹಾರ ಹಾಕಿದರು. ವೇದಿಕೆಯ ಮೇಲಿದ್ದವರಲ್ಲಿ ಒಬ್ಬರೂ ಪುಸ್ತಕ ಓದಿರಲಿಲ್ಲ. ಪರಿಚಯ ಮಾಡಿದವರು ಬೆನ್ನುಡಿಯನ್ನೇ ಓದಿದರು. ವಾಪಸ್ ಬರುವ ಬಸ್ ಚಾರ್ಜು ನನ್ನ ಕೈಯಿಂದಲೇ ಹೋಯಿತು. ಮಾರಾಟಕ್ಕೆ ಒಂದು ಪ್ರತಿಯನ್ನೂ ತರಿಸಿರಲಿಲ್ಲ. ಪುಸ್ತಕ ಎಲ್ಲಿ ಸಿಗುತ್ತೆ ಅಂತ ಒಂದು ಹುಡುಗಿ ಕೇಳಿದಳು. ನನ್ನ ಬ್ಯಾಗಿನಲ್ಲಿದ್ದ ಒಂದೇ ಪ್ರತಿ ಅವಳಿಗೆ ಕೊಟ್ಟು ಬಂದೆ.

ಸಣ್ಣ ಅಂಗಡಿಗಳಲ್ಲಿ ನನಗೆ ಹೀಗೆ ಆಗಿಲ್ಲ. ಅಲ್ಲಿ ಕೂತವರಲ್ಲಿ ಐದಾರು ಜನವಾದರೂ ಓದಿರುತ್ತಾರೆ. ಒಬ್ಬರು ಒಂದು ಪಾತ್ರದ ಹೆಸರು ಹಿಡಿದು ಅವಳು ಆಮೇಲೆ ಏನಾದಳು ಅಂತ ಕೇಳುತ್ತಾರೆ. ಆ ಪ್ರಶ್ನೆಗಾಗಿ ನಾನು ಎಷ್ಟು ದೂರ ಬೇಕಾದರೂ ಹೋಗುತ್ತೇನೆ.

ಓದುವುದರ ಬಗ್ಗೆ ಮೇಷ್ಟ್ರು ಹೇಳಿದ್ದು ನಿಜ, ನಮಗೆಲ್ಲ ಅದು ಸಲೀಸಲ್ಲ. ಆದರೆ ಓದಲೇಬೇಕು ಅಂತ ಮೊದಲೇ ಹೇಳಿದರೆ ನಾವು ತಯಾರಾಗುತ್ತೇವೆ. ಮನೆಯಲ್ಲಿ ಗಟ್ಟಿಯಾಗಿ ಓದಿಕೊಂಡಾಗ ಎಷ್ಟೋ ವಾಕ್ಯ ನಾಲಿಗೆಗೆ ತೊಡಕಾಗುತ್ತೆ. ಎರಡನೇ ಮುದ್ರಣಕ್ಕೆ ಅಂಥ ಕೆಲವು ವಾಕ್ಯ ತಿದ್ದಿದ್ದೇನೆ. ಹಾಗಾಗಿ ಓದು ಬರೆಯುವವರಿಗೂ ಬೇಕು.

ಸಂಭಾವನೆ ಜಾಸ್ತಿ ಬೇಡ. ಬಸ್ಸಿನದೋ ರೈಲಿನದೋ ಚಾರ್ಜು ಕೊಡಿ. ಹಾರದ ದುಡ್ಡಿನಲ್ಲಿ ನನ್ನ ಒಂದು ಪುಸ್ತಕ ಕೊಂಡು ಯಾವುದಾದರೂ ಶಾಲೆಗೆ ಕೊಡಿ.

ಹಾಸ್ಟೆಲ್ ಹುಡುಗ

ಮೇಡಂ, ನೀವು ದಾವಣಗೆರೆಗೆ ಬನ್ನಿ. ಓದಿರುವ ಐದಾರು ಜನ ಯಾಕೆ, ಹತ್ತು ಜನ ನಮ್ಮ ಹಾಸ್ಟೆಲ್‌ನಿಂದಲೇ ಬರುತ್ತೇವೆ. ಪುಸ್ತಕದ ಹೆಸರು ಖಾಸಗಿಯಾಗಿ ಕಳಿಸಿ. ಒಂದು ಪ್ರತಿ ತರಿಸಿ ಎಲ್ಲರೂ ಸರದಿಯಲ್ಲಿ ಓದುತ್ತೇವೆ.

ಕೌಂಟರ್ ಹಿಂದಿನವನು

ಮೇಡಂ, ಖಂಡಿತ ಬನ್ನಿ. ಬೆಂಗಳೂರಿನಿಂದ ಬರುವವರಿಗೆ ಈಗ ಅನುಕೂಲವಿದೆ. 2023ರಿಂದ ಧಾರವಾಡದ ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತೆ. ಬೆಳಿಗ್ಗೆ ಬಂದಿಳಿದು ಅದೇ ದಿನ ವಾಪಸ್ ಹೋಗಬಹುದು. ಹಾಗೆ ಬರುವ ಲೇಖಕರಿಗೆ ಭಾನುವಾರ ಬೆಳಿಗ್ಗೆ 11ಕ್ಕೆ ಓದು ಇಡೋಣ. ಇಲ್ಲಿ ಉಳಿಯುವವರಿಗೆ ಮಧ್ಯಾಹ್ನ ನಾಲ್ಕು. ಸಂಜೆ ಆರಂತೂ ಬಿಟ್ಟೆ. ಹರಿಹರದ ಅಕ್ಕನ ಮಾತು ಸರಿ ಇದೆ.

ಚಳ್ಳಕೆರೆ ಗಾಡಿ (ಚಳ್ಳಕೆರೆ)

ದಾವಣಗೆರೆಯವರು ಅದೃಷ್ಟವಂತರು. ದುರ್ಗದ ಕಡೆ ಈ ಥರದ್ದು ಯಾಕಿಲ್ಲ? ಬೆಂಗಳೂರು–ಹುಬ್ಬಳ್ಳಿ ದೊಡ್ಡ ರೈಲು ಮಾರ್ಗವೇ ನಮ್ಮೂರನ್ನು ತಪ್ಪಿಸಿಕೊಂಡು ಹೋಗಿದೆ. ಲೇಖಕರು ಬರಬೇಕಾದರೆ ಹೈವೇ ಬಸ್ಸೇ ಗತಿ. ಆದರೆ ಕೇಳುವ ಜನ ಇಲ್ಲ ಅಂತ ಯಾರೂ ಹೇಳಬೇಡಿ.

ನಮ್ಮ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಸಾವಿರಾರು ಪದ ಅವರ ನೆನಪಿನಲ್ಲಿದ್ದವು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತು. ಅವರು ಹಾಡುವಾಗ ಹಟ್ಟಿಯ ಜನ ಕೂತು ಕೇಳಿದ್ದಾರೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೆ ಹೋಗಿ ನೋಡಿ. ಸುತ್ತಲ ಹಳ್ಳಿಗಳ ರೈತರು ರಾತ್ರಿ ಕೂತು ಹೊಸ ನಾಟಕ ನೋಡುತ್ತಾರೆ. 1997ರಿಂದ ಅಲ್ಲಿನ ಶಿವಸಂಚಾರ ತಂಡ ನಾಟಕಗಳನ್ನು ಊರೂರಿಗೆ ಒಯ್ಯುತ್ತಿದೆ. ಈ ಜಿಲ್ಲೆಗೆ ಕೇಳೋ ಕಿವಿ ಇದೆ. ಕೂರಿಸಿ ಓದಿ ಹೇಳುವವರು ಬೇಕು ಅಷ್ಟೇ.

ನನ್ನ ಆಸೆ ಒಂದಿದೆ. ತ.ರಾ.ಸು. ಅವರ ‘ದುರ್ಗಾಸ್ತಮಾನ’ ಕಾದಂಬರಿಯನ್ನು ಕೋಟೆಯ ಊರಿನಲ್ಲೇ ಗಟ್ಟಿಯಾಗಿ ಓದಬೇಕು. ಲೇಖಕರು ಈಗಿಲ್ಲ, ನಿಜ. ಆದರೆ ಆ ಬಂಡೆಗಳ ಹತ್ತಿರ ಕೂತು ಮದಕರಿ ನಾಯಕನ ಕೊನೆಯ ದಿನಗಳನ್ನು ಕೇಳುವುದು ಬೇರೆ ಊರಿನವರಿಗೆ ಸಿಗಲ್ಲ. ದುರ್ಗದ ಬಸ್‌ಸ್ಟ್ಯಾಂಡ್ ಹತ್ತಿರ ನಮ್ಮ ಗೆಳೆಯರೊಬ್ಬರ ಪುಸ್ತಕ–ಸ್ಟೇಷನರಿ ಅಂಗಡಿ ಇದೆ. ಮಹಡಿ ಖಾಲಿ ಇದೆ, ಕೊಡುತ್ತಾರಂತೆ. ಆದರೆ ಕಾಪಿರೈಟ್ ತೊಂದರೆ ಬರುತ್ತಾ?

ದುರ್ಗದ ಮೇಷ್ಟ್ರು

ಚಳ್ಳಕೆರೆಯವರೇ, ಒಳ್ಳೆಯ ಯೋಚನೆ. ತ.ರಾ.ಸು. ಹುಟ್ಟಿದ್ದು 1920ರಲ್ಲಿ, ಮಲೇಬೆನ್ನೂರಿನಲ್ಲಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ತನಕ ದಾವಣಗೆರೆ, ಹರಿಹರ ಎಲ್ಲ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದವು. ಹಾಗಾಗಿ ಅವರು ಎರಡೂ ಊರಿನವರು. 1984ರಲ್ಲಿ ತೀರಿಕೊಂಡರು. ಮರುವರ್ಷ ಈ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ಹೆಸರಿನ ರಂಗಮಂದಿರವೇ ನಮ್ಮೂರಲ್ಲಿದೆ. ಅಲ್ಲಿ ಸಮಾರಂಭಗಳು ನಡೆಯುತ್ತವೆ. ಆದರೆ ಅವರ ಗದ್ಯವನ್ನು ಗಟ್ಟಿಯಾಗಿ ಓದಿ ಕೇಳಿಸಿದ್ದನ್ನು ನಾನು ಹತ್ತಿರದ ವರ್ಷಗಳಲ್ಲಿ ನೋಡಿಲ್ಲ.

ಮಾತುಗಾರಿಕೆಯೇ ಆ ಗದ್ಯದ ಜೀವ. ಸಂಭಾಷಣೆಯಲ್ಲಿ ಅರಮನೆಯ ಗತ್ತೂ ಇದೆ, ಬೇಡರ ಪಡೆಯ ಬಿರುಸೂ ಇದೆ. ಕಣ್ಣಲ್ಲಿ ಓದಿದರೆ ಕತೆ ತಿಳಿಯುತ್ತೆ. ಕಿವಿಯಲ್ಲಿ ಕೇಳಿದರೆ ಆಡುವ ಜನ ಎದುರಿಗೆ ಬಂದು ನಿಲ್ಲುತ್ತಾರೆ.

ಕಾಪಿರೈಟ್ ಬಗ್ಗೆ ತಿಳಿದವರು ಹೇಳಲಿ.

ಕೋರ್ಟ್ ರಸ್ತೆ (ದಾವಣಗೆರೆ, ವಕೀಲರು)

ಹೇಳುತ್ತೇನೆ. ಭಾರತದಲ್ಲಿ ಸಾಹಿತ್ಯ ಕೃತಿಯ ಹಕ್ಕು ಲೇಖಕರ ಜೀವಮಾನವಿಡೀ ಇರುತ್ತೆ. ಅವರು ತೀರಿದ ಮುಂದಿನ ವರ್ಷದ ಮೊದಲ ದಿನದಿಂದ ಮತ್ತೆ 60 ವರ್ಷ. 1984ಕ್ಕೆ ಲೆಕ್ಕ ಹಾಕಿದರೆ 2044ರ ಕೊನೆಯವರೆಗೆ. ಹಾಗಾಗಿ ಕಾದಂಬರಿ ಈಗಲೂ ಹಕ್ಕಿನೊಳಗೇ ಇದೆ.

ಆದರೆ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ವಿನಾಯಿತಿಗಳಿವೆ. ಪ್ರಕಟವಾದ ಕೃತಿಯಿಂದ ಮಿತವಾದ ಒಂದು ಭಾಗವನ್ನು ಸಾರ್ವಜನಿಕವಾಗಿ ಓದುವುದು ಅದರಲ್ಲಿ ಒಂದು. ಕೆಲವು ಪುಟ ಓದಿದರೆ ತೊಂದರೆ ಇಲ್ಲ. ವಾರವಾರ ಕೂತು ಇಡೀ ಕಾದಂಬರಿ ಮುಗಿಸುತ್ತೇವೆ ಅಂದರೆ ಮಾತ್ರ ಹಕ್ಕುದಾರರ ಒಪ್ಪಿಗೆ ಪಡೆಯಿರಿ. ವಿಡಿಯೊ ಮಾಡಿ ಯೂಟ್ಯೂಬ್‌ಗೆ ಹಾಕುವುದೂ ಬೇರೆ ವಿಷಯ, ಅದಕ್ಕೂ ಕೇಳಿಯೇ ಹಾಕಿ. ಇಂಥ ಒಳ್ಳೆಯ ಕೆಲಸಕ್ಕೆ ಒಂದು ಪತ್ರ ಬರೆದು ಕೇಳಿದರೆ ಎಲ್ಲರಿಗೂ ಗೌರವ.

ಬದುಕಿರುವ ಲೇಖಕರು ಅಂಗಡಿಯಲ್ಲಿ ಓದುವಾಗಲೂ ರೆಕಾರ್ಡ್ ಮಾಡುವ ಮುಂಚೆ ಅವರನ್ನು ಕೇಳಿ. ಮೊಬೈಲ್ ಎತ್ತಿ ಹಿಡಿದು ಇಡೀ ಕತೆ ಲೈವ್ ಮಾಡುವವರನ್ನು ನೋಡಿದ್ದೇನೆ. ಇನ್ನೂ ಪ್ರಕಟವಾಗದ ಕತೆಯಾದರೆ ಬರೆದವರಿಗೆ ನಷ್ಟ.

ಕತೆ ಬರೆಯುವವಳು

ಇದನ್ನು ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. ಎದುರಿಗೆ ಮೊಬೈಲುಗಳು ನಿಂತಿದ್ದರೆ ನಾವು ಜನರ ಮುಖ ನೋಡಿ ಓದೋಕೆ ಆಗಲ್ಲ.

ಎಂಸಿಸಿ ಎ ಬ್ಲಾಕ್ (ದಾವಣಗೆರೆ)

ಎಲ್ಲ ಓದಿದೆ. ಒಂದು ಭಿನ್ನ ಅಭಿಪ್ರಾಯ. ಅಂಗಡಿ ಸಣ್ಣದು, 40 ಜನಕ್ಕೇ ಉಸಿರು ಕಟ್ಟುತ್ತೆ. ಹೆಸರಾಂತ ಲೇಖಕರು ಬಂದಾಗ 80 ಜನ ಬಂದರೆ? ದೊಡ್ಡ ಸಭಾಂಗಣಕ್ಕೆ ಹೋಗಲೇಬೇಕಲ್ವಾ? 1992ರಲ್ಲಿ ಜಿ.ಎಸ್. ಶಿವರುದ್ರಪ್ಪನವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆಸಿದ ಊರು ನಮ್ಮದು. ಜನ ಸೇರಿಸೋದು ನಮಗೆ ಕಷ್ಟವಲ್ಲ.

ಮಂಡಿಪೇಟೆ ಓದುಗ

ಸರ್, ಸಮ್ಮೇಳನ ಬೇಕು. ಅಲ್ಲಿ ಜಾತ್ರೆಯ ಖುಷಿ ಇದೆ, ಪುಸ್ತಕ ಮಳಿಗೆಗಳ ಸಾಲಿದೆ. ಅದನ್ನು ಬೇಡ ಅನ್ನಲ್ಲ. ಆದರೆ ದೊಡ್ಡ ಹಾಲ್‌ಗೆ ಹೋದ ಕೂಡಲೇ ವೇದಿಕೆ ಬರುತ್ತೆ. ವೇದಿಕೆ ಬಂದರೆ ಅದರ ಮೇಲೆ ಯಾರು ಕೂರಬೇಕು ಅನ್ನೋ ಪ್ರಶ್ನೆ ಬರುತ್ತೆ. ಆಹ್ವಾನ ಪತ್ರಿಕೆಯಲ್ಲಿ ಹೆಸರು ಬಿಟ್ಟಿದ್ದಕ್ಕೆ ಬೇಜಾರು ಬರುತ್ತೆ. ಓದು ಮತ್ತೆ ಕೊನೆಗೆ ಹೋಗುತ್ತೆ.

ಧಾರವಾಡದ ಮನೋಹರ ಗ್ರಂಥಮಾಲೆಯ ಅಟ್ಟ ಎಷ್ಟು ದೊಡ್ಡದಿತ್ತು? 1933ರಲ್ಲಿ ಶುರುವಾದ ಪ್ರಕಾಶನ ಸಂಸ್ಥೆ. ಜಿ.ಬಿ. ಜೋಶಿ, ಕೀರ್ತಿನಾಥ ಕುರ್ತಕೋಟಿಯವರು ಕೂರುತ್ತಿದ್ದ ಆ ಅಟ್ಟದಲ್ಲಿ ಕನ್ನಡದ ಎಷ್ಟೋ ಹಸ್ತಪ್ರತಿಗಳ ಚರ್ಚೆ ನಡೆದಿದೆ. ಅಲ್ಲಿಗೆ ಯಾರೂ ಸಭೆಗೆ ಅಂತ ಹೋಗುತ್ತಿರಲಿಲ್ಲ, ಮಾತಾಡೋಕೆ ಹೋಗುತ್ತಿದ್ದರು. ಮಂಗಳೂರಿನ ಅತ್ರಿ ಬುಕ್ ಸೆಂಟರ್ 1975ರಿಂದ 2012ರವರೆಗೆ ಓದುಗರು ಸೇರುವ ಜಾಗವಾಗಿತ್ತು. ಈಗ ಮುಚ್ಚಿದೆ. ಅಂಥ ಅಂಗಡಿ ಒಂದು ಊರಿನಿಂದ ಹೋದರೆ ಮತ್ತೆ ಕಟ್ಟೋದು ಸುಲಭವಲ್ಲ. ಅದಕ್ಕೇ ನಾನು ಇಷ್ಟು ಹಟ ಮಾಡುತ್ತಿರೋದು.

80 ಜನ ಬಂದರೆ ಎರಡು ಸಲ ಓದಿಸೋಣ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಲೇಖಕರು ಬೇರೆ ಬೇರೆ ಭಾಗ ಓದಲಿ.

ಎಂಸಿಸಿ ಎ ಬ್ಲಾಕ್

ಎರಡು ಸಲದ ಯೋಚನೆ ಸರಿ ಇದೆ. ಒಪ್ಪಿದೆ.

ಕೌಂಟರ್ ಹಿಂದಿನವನು

ಇಲ್ಲಿಯವರೆಗೆ ನನಗೆ ಅರ್ಥವಾಗಿದ್ದನ್ನು ಮಾಡುತ್ತೇನೆ. ಶನಿವಾರವೇ ಪುಸ್ತಕದ ಎರಡು ಪುಟ ಕಾಲೇಜು ಗುಂಪುಗಳಿಗೆ ಹೋಗುತ್ತೆ. ಪ್ರಶ್ನೆಗೆ ಚೀಟಿ ಮತ್ತು ಪೆನ್ಸಿಲ್ ಪ್ರತಿ ಕುರ್ಚಿಯ ಮೇಲೆ ಇಡುತ್ತೇನೆ. ಹಾರ, ಶಾಲು ಇಲ್ಲ. ನಿರೂಪಣೆ ಇಲ್ಲ. ಲೇಖಕರ ಪಕ್ಕ ಕೂರುವವರಿಗೆ ಒಂದು ತಿಂಗಳು ಮುಂಚೆ ಪುಸ್ತಕ ಕೊಡುತ್ತೇನೆ.

ನರ್ಗಿಸ್ ಮಂಡಕ್ಕಿ, ಮಿರ್ಚಿ ಇದ್ದೇ ಇರುತ್ತೆ. ಆದರೆ ಸಹಿ ಹಾಕಿಸಿಕೊಂಡು ಆದ ಮೇಲೆ, ಅಂಗಡಿಯ ಹೊರಗೆ. ಎಣ್ಣೆ ಕೈಯಲ್ಲಿ ಪುಸ್ತಕ ಮುಟ್ಟಿದರೆ ಆ ಪ್ರತಿಯನ್ನು ಪ್ರಕಾಶಕರು ವಾಪಸ್ ತಗೊಳ್ಳಲ್ಲ.

ದುರ್ಗದಲ್ಲಿ ಓದು ಇಟ್ಟರೆ ತ.ರಾ.ಸು. ಪುಸ್ತಕಗಳ ಕಟ್ಟು ನಾನೇ ತರುತ್ತೇನೆ. ಅರವತ್ತು ಕಿಲೋಮೀಟರ್ ಏನು ಮಹಾ.

ದುರ್ಗದ ಮೇಷ್ಟ್ರು

ಹಾಗಾದರೆ ಮೊದಲ ಓದಿಗೆ ನಾನೇ ಕೂರುತ್ತೇನೆ. ಯಾವ ಪುಟಗಳು ಅನ್ನುವುದನ್ನು ಈ ವಾರ ಗುರುತು ಮಾಡಿ ಇಲ್ಲಿ ತಿಳಿಸುತ್ತೇನೆ. ಅರ್ಧ ಗಂಟೆಗೆ ಮೀರದ ಹಾಗೆ ಆರಿಸುತ್ತೇನೆ. ಹೆಣ್ಣು ಪಾತ್ರಗಳ ಮಾತಿಗೆ ಒಬ್ಬ ಹೆಣ್ಣುಮಗಳು ದನಿ ಕೊಟ್ಟರೆ ಚೆನ್ನ. ಹರಿಹರದ ಮೇಡಂ, ನೀವು ಬರುತ್ತೀರಾ?

ತುಂಗಭದ್ರೆ

ಬರುತ್ತೇನೆ ಮೇಷ್ಟ್ರೇ. ಪುಟಗಳನ್ನು ಬೇಗ ಕಳಿಸಿ, ಮನೆಯಲ್ಲಿ ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿಕೊಳ್ಳಬೇಕು. ನಾಲ್ಕು ಗಂಟೆಗೇ ಇಡಿ.

ಚಳ್ಳಕೆರೆ ಗಾಡಿ

ಮಹಡಿಯ ಅಳತೆ ನಾಳೆ ನೋಡಿಕೊಂಡು ಬರುತ್ತೇನೆ. ಜಮಖಾನ ಹಾಸಿದರೆ ಕುರ್ಚಿಗಿಂತ ಜಾಸ್ತಿ ಜನ ಹಿಡಿಸುತ್ತಾರೆ. ವಯಸ್ಸಾದವರಿಗೆ ಹತ್ತು ಕುರ್ಚಿ ಗೋಡೆ ಪಕ್ಕ ಹಾಕಿಸುತ್ತೇನೆ. ವಕೀಲರೇ, ಹಕ್ಕುದಾರರಿಗೆ ಬರೆಯುವ ಪತ್ರದ ಒಕ್ಕಣೆ ಸ್ವಲ್ಪ ನೋಡಿಕೊಡಿ.

ಕೋರ್ಟ್ ರಸ್ತೆ

ಬುಧವಾರದೊಳಗೆ ಕಳಿಸುತ್ತೇನೆ.